ಫೋಮ್ ಎಂಬ ಪದದ ಬೇರು ಹುಡುಕುವುದು ಹೇಗೆ: ಅರ್ಥ, ಮೂಲ, ಬಳಕೆಗೆ ಒಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಮನೆಗೆ ಹೊಸ ಹಾಸಿಗೆ ತಂದೆವು. ಅದರ ಜೊತೆಗೆ ಹಲವು ಭಾಷೆಗಳಲ್ಲಿ ಅಚ್ಚಾದ ಒಂದು ಮಡಿಕೆ ಕಾಗದ ಬಂದಿತ್ತು. ಕನ್ನಡದ ಭಾಗದಲ್ಲಿ ಹೀಗಿತ್ತು: ‘ನಿಮ್ಮ ಹಾಸಿಗೆಯು ಅತ್ಯುತ್ತಮ ಗುಣಮಟ್ಟದ ನೊರೆಯಿಂದ ತಯಾರಾಗಿದೆ. ನೊರೆಯನ್ನು ನೀರಿನಲ್ಲಿ ನೆನೆಸಬೇಡಿ. ಕಲೆಗಳಿಗೆ ನೊರೆಯನ್ನು ಮಾತ್ರ ಬಳಸಿ.’ ಮೂರು ವಾಕ್ಯಗಳನ್ನು ಎರಡೆರಡು ಸಲ ಓದಿದೆ. ಪಕ್ಕದ ಇಂಗ್ಲಿಷ್ ಭಾಗದಲ್ಲಿ ಮೂರು ಕಡೆಯೂ ಇದ್ದದ್ದು ಫೋಮ್ ಎಂಬ ಒಂದೇ ಪದ. ಅನುವಾದಿಸಿದವರು ನಿಘಂಟು ತೆರೆದಿದ್ದಾರೆ, ಅಲ್ಲಿ ‘ನೊರೆ’ ಎಂದು ಸಿಕ್ಕಿದೆ, ಮೂರು ಕಡೆಯೂ ಅದನ್ನೇ ಕೂರಿಸಿದ್ದಾರೆ.

ನಿಘಂಟು ಸುಳ್ಳು ಹೇಳಿಲ್ಲ. ಫೋಮ್ ಎಂದರೆ ನೊರೆಯೇ. ಆದರೆ ಆ ಪದ ಹೆಚ್ಚುಕಡಿಮೆ ಸಾವಿರದ ಮುನ್ನೂರು ವರ್ಷಗಳಿಂದ ಇಂಗ್ಲಿಷಿನ ಬರಹದಲ್ಲಿದೆ. ಅಷ್ಟು ಕಾಲದಲ್ಲಿ ಅದು ಕಡಲಿನಿಂದ ಕುದುರೆಯ ಬಾಯಿಗೆ, ಅಲ್ಲಿಂದ ಸಾಬೂನಿಗೆ, ಅಲ್ಲಿಂದ ನಾವು ಮಲಗುವ ಹಾಸಿಗೆಗೆ ಬಂದಿದೆ. ಒಂದು ಪದಕ್ಕೆ ಒಂದೇ ಉತ್ತರ ಹುಡುಕುವ ಅಭ್ಯಾಸ ಬಿಟ್ಟು, ಅದು ಬಂದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದು ನೋಡಿದರೆ ಎಲ್ಲಿ ನೊರೆ ಎನ್ನಬೇಕು, ಎಲ್ಲಿ ಎನ್ನಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಆ ನಡಿಗೆಯನ್ನು ಹೇಗೆ ಮಾಡಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಫೋಮ್‌ನದು. ವಿಧಾನವನ್ನು ಯಾವ ಪದಕ್ಕಾದರೂ ಹಚ್ಚಬಹುದು.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒಂದು ನೋಟ್‌ಪುಸ್ತಕ. ಪದಗಳ ಹುಟ್ಟನ್ನೂ ಕೊಡುವ ಒಂದು ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಗ್ರಂಥಾಲಯದಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂದಿಗೂ ನಂಬಬಹುದಾದ ಗೆಳೆಯ. ದ್ರಾವಿಡ ಭಾಷೆಗಳ ಪದಗಳನ್ನು ಹೋಲಿಸಲು ಬರೋ ಮತ್ತು ಎಮೆನೊ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟಿದೆ. 1961ರಲ್ಲಿ ಮೊದಲು ಬಂದು, 1984ರಲ್ಲಿ ಪರಿಷ್ಕೃತವಾಯಿತು.

ಮೊದಲ ಹೆಜ್ಜೆ: ಅರ್ಥಗಳನ್ನು ಬಿಡಿಸಿ ಬರೆದುಕೊಳ್ಳಿ

ಬೇರಿಗೆ ಕೈ ಹಾಕುವ ಮುನ್ನ ಕೊಂಬೆಗಳನ್ನು ಎಣಿಸಿ. ಫೋಮ್ ಪದ ಇಂದಿನ ಇಂಗ್ಲಿಷಿನಲ್ಲಿ ಏನೇನು ಹೇಳುತ್ತದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ದ್ರವದ ಮೇಲೆ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಕೂಡಿ ಆದ ಬಿಳಿಯ ರಾಶಿ ಅದರ ನಡುಮನೆಯ ಅರ್ಥ. ಅಲೆ ಒಡೆದಾಗ ದಡಕ್ಕೆ ಬಂದು ಕೂರುವುದು ಇನ್ನೊಂದು. ಕಾವ್ಯದಲ್ಲಿ ಇಡೀ ಕಡಲನ್ನೇ ಫೋಮ್ ಎಂದು ಕರೆಯುವುದುಂಟು. ಓಡಿ ದಣಿದ ಕುದುರೆಯ ಬಾಯಲ್ಲೂ ಮೈಮೇಲೂ ಕಾಣುವುದು ಅದೇ. ಗಡ್ಡ ಹೆರೆಯುವ ಮುನ್ನ ಡಬ್ಬಿಯಿಂದ ಬುಸ್ಸೆಂದು ಹೊರಬರುವುದು, ಎಣ್ಣೆಯ ಬೆಂಕಿಯನ್ನು ಮುಚ್ಚಿ ಆರಿಸಲು ಅಗ್ನಿಶಾಮಕರು ಚಿಮ್ಮಿಸುವುದು, ಸೋಫಾ ಮತ್ತು ಹಾಸಿಗೆಯೊಳಗಿನ ಮೆತ್ತನೆಯ ತುಂಡು, ಎಲ್ಲವೂ ಫೋಮ್. ಕ್ರಿಯಾಪದವಾದರೆ ನೊರೆಗಟ್ಟು, ನೊರೆ ಉಕ್ಕು. ಬಾಯಿಯ ಜೊತೆ ಬಂದರೆ ಸಿಟ್ಟಿನಿಂದ ಕುದಿ.

ಪ್ರತಿ ಅರ್ಥದ ಎದುರು ಒಂದು ಪೂರ್ತಿ ಕನ್ನಡ ವಾಕ್ಯ ಬರೆಯಿರಿ. ಬರೀ ಪದ ಬರೆದರೆ ಸಾಲದು. ಏಕೆಂದರೆ ತಪ್ಪು ಹಿಡಿಯುವುದು ವಾಕ್ಯದಲ್ಲಿ. ‘ಹಾಲಿನ ಮೇಲೆ ನೊರೆ ನಿಂತಿತು’ ಸರಿ. ‘ಅಲೆಯ ತುದಿಯಲ್ಲಿ ನೊರೆ’ ಸರಿ. ‘ಸೋಫಾದೊಳಗೆ ನೊರೆ ಹಾಳಾಗಿದೆ’ ಎಂದು ಬರೆದ ಕೂಡಲೇ ಕಿವಿ ಒಪ್ಪುವುದಿಲ್ಲ.

ಬಾಯಿಯ ನೊರೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬಾಯಲ್ಲಿ ನೊರೆ ಬಂತು ಎಂದರೆ ಕನ್ನಡದಲ್ಲಿ ಅಪಸ್ಮಾರ, ವಿಷ, ಹುಚ್ಚುನಾಯಿ ನೆನಪಾಗುತ್ತವೆ. ಮನೆಯವರು ನೀರಿಗೆ, ಆಟೋಗೆ ಓಡುತ್ತಾರೆ. ಇಂಗ್ಲಿಷಿನಲ್ಲೂ ಮೂಲದ ಅರ್ಥ ಅದೇ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಮೂರ್ಛೆ ಹೋಗುವ ಹುಡುಗ ನೊರೆ ಸುರಿಸುತ್ತಾನೆ ಎಂಬಲ್ಲಿ ಬರುವುದು ಫೋಮ್ ಕ್ರಿಯಾಪದವೇ. ಇಂದಿನ ಮಾತಿನಲ್ಲಿ ಆ ಕಾಯಿಲೆಯ ಚಿತ್ರ ಕೋಪಕ್ಕೆ ತಿರುಗಿದೆ. ಕನ್ನಡದಲ್ಲಿ ಹಾಗಾಗಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಒಬ್ಬ ಮಂತ್ರಿ ಬಾಯಲ್ಲಿ ನೊರೆ ಸುರಿಸಿದನೆಂದು ಇದ್ದರೆ ನಾವು ಅವನು ಕೆಂಡಾಮಂಡಲನಾದನೆಂದು ಬರೆಯಬೇಕು. ಇಲ್ಲವಾದರೆ ಓದುಗರು ಅವನನ್ನು ಆಸ್ಪತ್ರೆಗೆ ಸೇರಿಸಿದರೇ ಎಂದು ಮುಂದಿನ ಸಾಲಿನಲ್ಲಿ ಹುಡುಕುತ್ತಾರೆ.

ಎರಡನೆಯ ಹೆಜ್ಜೆ: ನೆರೆಮನೆಯ ಪದಗಳನ್ನು ಕೂರಿಸಿ ನೋಡಿ

ಒಂದು ಪದದ ಗಡಿ ಗೊತ್ತಾಗುವುದು ಅದರ ಅಕ್ಕಪಕ್ಕದವರಿಂದ. ಕನ್ನಡದ ನೊರೆ ಒಂದರ ಜಾಗದಲ್ಲಿ ಇಂಗ್ಲಿಷಿನಲ್ಲಿ ಫೋಮ್, ಫ್ರಾತ್, ಲ್ಯಾದರ್, ಸಡ್ಸ್, ಸ್ಪ್ಯೂಮ್, ಸ್ಕಮ್ ಎಂದು ಅರ್ಧ ಡಜನ್ ಪದಗಳು ಕುಳಿತಿವೆ.

ಫ್ರಾತ್ ಎಂಬುದು ಸ್ಕ್ಯಾಂಡಿನೇವಿಯದ ಕಡಲಯೋಧರಾದ ವೈಕಿಂಗರ ಜೊತೆ ಇಂಗ್ಲೆಂಡಿಗೆ ಬಂದ ಪದ. ಹಳೆಯ ನಾರ್ಸ್ ಭಾಷೆಯ ಫ್ರೋದ ಅದರ ಮೂಲ. ಅದರ ಗುಳ್ಳೆ ಫೋಮ್‌ನದಕ್ಕಿಂತ ಸಡಿಲ, ಬೇಗ ಅಡಗುವಂಥದ್ದು. ಅದಕ್ಕೇ ಹುರುಳಿಲ್ಲದ ಮಾತಿಗೂ, ಲಂಗುಲಗಾಮಿಲ್ಲದೆ ಏರಿದ ಷೇರುಪೇಟೆಗೂ ಫ್ರಾತ್ ಸಲ್ಲುತ್ತದೆ, ಫೋಮ್ ಸಲ್ಲುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ಆ ನೊರೆಗೆ ಬೆಂಕಿಯೂ ಹತ್ತಿದಾಗ ಇಂಗ್ಲಿಷ್ ಪತ್ರಿಕೆಗಳು ಎರಡೂ ಪದಗಳನ್ನು ಬಳಸಿದವು. ಕನ್ನಡ ಪತ್ರಿಕೆಗಳು ನೊರೆ ಎಂದವು. ಅಲ್ಲಿ ಅದಕ್ಕಿಂತ ಬೇರೆ ಪದ ಬೇಕಾಗಿರಲಿಲ್ಲ.

ಲ್ಯಾದರ್ ಸಾಬೂನಿನದು, ಬೆವರಿದ ಕುದುರೆಯದು. ತೊಳೆ ಎಂಬ ಅರ್ಥದ ಬೇರಿನಿಂದ ಬಂದದ್ದು. ಲಾಂಡ್ರಿ, ಲೋಷನ್ ಕೂಡ ಅದೇ ಕುಟುಂಬ. ಸಡ್ಸ್ ಎಂದರೆ ಸಾಬೂನು ಕದಡಿದ ನೀರು, ನೊರೆಯ ಜೊತೆಗೆ. ಹದಿನಾರನೆಯ ಶತಮಾನದಲ್ಲಿ ಕಾಣಿಸಿಕೊಂಡಾಗ ಅದಕ್ಕೆ ಕೊಳೆ, ಗಸಿ ಎಂಬ ಅರ್ಥವಿತ್ತು. ಸ್ಪ್ಯೂಮ್ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದ ಕಾವ್ಯದ ಪದ. ಅದು ಮುಂದೆ ಮತ್ತೆ ಸಿಗುತ್ತದೆ.

ಸ್ಕಮ್ ಪದವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮಂಡ್ಯದ ಕಡೆಯ ಒಂದು ಆಲೆಮನೆಗೆ ಹೋಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿದ್ದಂತೆ ಮೊದಲು ಅಂಚಿನಲ್ಲಿ ಬೂದು ಬಣ್ಣದ ಗುಳ್ಳೆಗಳು ಏಳುತ್ತವೆ. ಬೆಂಡೆ ಗಿಡದ ಲೋಳೆ ಹಾಕಿದ ಮೇಲೆ ಸಿಪ್ಪೆಯ ಚೂರು, ಮಣ್ಣು, ಮಸಿ ಎಲ್ಲವನ್ನೂ ಹೊತ್ತುಕೊಂಡು ಕಪ್ಪಗಿನ ದಪ್ಪ ನೊರೆಯ ಹೊದಿಕೆ ಮೇಲೆ ಬರುತ್ತದೆ. ಉದ್ದ ಹಿಡಿಯ ಜರಡಿ ಸೌಟಿನಿಂದ ಅದನ್ನು ತೆಗೆದು ಪಕ್ಕಕ್ಕೆ ಸುರಿಯುತ್ತಾರೆ. ಆ ಹೊದಿಕೆಯೇ ಸ್ಕಮ್. ಡಚ್ಚರ ಕಡೆಯಿಂದ ಬಂದಾಗ ಆ ಪದಕ್ಕೂ ಬರೀ ನೊರೆ ಎಂಬ ಅರ್ಥವಿತ್ತು. ತೆಗೆದು ಬಿಸಾಡುವ ನೊರೆ ಎಂದಾಗಿ, ಆಮೇಲೆ ಬಿಸಾಡಬೇಕಾದ ಜನ ಎಂಬ ಬೈಗುಳವೂ ಆಯಿತು. ಮೇಲಿನ ನೊರೆ ತೆಗೆ ಎಂಬುದಕ್ಕೆ ಸ್ಕಿಮ್ ಎನ್ನುತ್ತಾರೆ. ಪುಟಗಳ ಮೇಲೆ ಕಣ್ಣಾಡಿಸಿ ಓದುವುದಕ್ಕೂ ಅದೇ ಪದ. ಎರಡೂ ಒಂದೇ ಬೇರಿನವು.

ಮೂರನೆಯ ಹೆಜ್ಜೆ: ಇಂಗ್ಲಿಷಿನೊಳಗೇ ಹಿಂದಕ್ಕೆ ನಡೆಯಿರಿ

ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಫೋಮ್ ಎಂದ ಕೂಡಲೇ ನೊರೆ ಎಂಬ ಅರ್ಥದ ಸಂಸ್ಕೃತದ ಫೇನ ನೆನಪಾಗಿ, ಅಲ್ಲಿಗೇ ಹಾರುತ್ತಾರೆ. ಹಾರಬೇಡಿ. ಮೊದಲು ಇಂಗ್ಲಿಷಿನ ಹಳೆಯ ರೂಪವನ್ನು ಹಿಡಿಯಿರಿ.

ಹಳೆಯ ಇಂಗ್ಲಿಷಿನಲ್ಲಿ ಈ ಪದ ಫಾಮ್ ಎಂದಿತ್ತು, ದೀರ್ಘ ಆಕಾರದೊಂದಿಗೆ. ಹಳೆಯ ಇಂಗ್ಲಿಷಿನ ಹೆಸರಾಂತ ಕಥನಕಾವ್ಯ ಬೇವುಲ್ಫ್‌ನಲ್ಲಿ ವೀರನ ಹಡಗು ಗಾಳಿಗೆ ಸಿಕ್ಕಿ ಕಡಲ ಮೇಲೆ ಹೊರಡುವ ಜಾಗದಲ್ಲಿ ಕವಿ ಅದನ್ನು ‘ಫಾಮಿಹೆಯಾಲ್ಸ್’ ಎನ್ನುತ್ತಾನೆ. ನೊರೆಗೊರಳಿನದು ಎಂದು ಅರ್ಥ. ಮೂತಿ ನೀರನ್ನು ಸೀಳಿ ಹೋಗುವಾಗ ಅದರ ಕುತ್ತಿಗೆಯ ಸುತ್ತ ಬಿಳಿಯ ನೊರೆ. ನೋಡಲು ಹಕ್ಕಿಯ ಹಾಗೆ. ಆ ಕಾವ್ಯ ಉಳಿದು ಬಂದಿರುವ ಒಂದೇ ಒಂದು ಹಸ್ತಪ್ರತಿ ಸುಮಾರು ಕ್ರಿ.ಶ. 1000ದ್ದು. ಇಂದಿನ ಫೋಮ್ ಹಾಸಿಗೆಯ ಪದಕ್ಕೆ ಇಷ್ಟು ಚೆಂದದ ಹಳೆಯ ಸಾಲು ಇದೆ ಎಂದು ತಿಳಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಫಾಮ್ ಫೋಮ್ ಆದದ್ದು ಹೇಗೆ? ಒಂಟಿ ಪದಕ್ಕೆ ಉತ್ತರ ಸಿಗುವುದಿಲ್ಲ, ಸಾಲು ಕಟ್ಟಬೇಕು. ಹಳೆಯ ಇಂಗ್ಲಿಷಿನ ಸ್ತಾನ್ ಇಂದು ಸ್ಟೋನ್. ಹಾಮ್ ಇಂದು ಹೋಮ್. ಬಾತ್ ಇಂದು ಬೋಟ್. ಆಕ್ ಇಂದು ಓಕ್. ಹಳೆಯ ದೀರ್ಘ ಆಕಾರ ಕ್ರಮವಾಗಿ ಓಕಾರದತ್ತ ಸರಿದಿದೆ, ಒಂದೆರಡು ಪದಗಳಲ್ಲಿ ಅಷ್ಟೇ ಅಲ್ಲದೆ ಹತ್ತಾರು ಪದಗಳಲ್ಲಿ. ಫೋಮ್ ಕಾಗುಣಿತದಲ್ಲಿ ಓ ಮತ್ತು ಎ ಎರಡೂ ಅಕ್ಷರ ಯಾಕಿವೆ ಎಂದು ಮಕ್ಕಳು ಕೇಳಿದರೆ ಬೋಟ್, ಓಕ್ ಪದಗಳಲ್ಲೂ ಅದೇ ಜೋಡಿ ಇರುವುದನ್ನು ತೋರಿಸಿ. ಅವು ಒಂದೇ ದಾರಿಯಲ್ಲಿ ಬಂದ ಗುರುತು.

ನೋಟ್‌ಪುಸ್ತಕದಲ್ಲಿ ಈ ನಾಲ್ಕೈದು ಜೋಡಿಗಳನ್ನು ಒಂದರ ಕೆಳಗೊಂದು ಬರೆದಿಡಿ. ಮುಂದಿನ ಹೆಜ್ಜೆಗೆ ಬೇಕು.

ನಾಲ್ಕನೆಯ ಹೆಜ್ಜೆ: ದಾಯಾದಿಗಳನ್ನು ಕೇಳಿ

ಈಗ ಅದೇ ಪದಗಳನ್ನು ಜರ್ಮನ್ ಭಾಷೆಯಲ್ಲಿ ಹುಡುಕಿ. ಕಲ್ಲಿಗೆ ಶ್ಟೈನ್, ಮನೆಗೆ ಹೈಮ್. ಹಾಗಾದರೆ ನೊರೆಗೆ ಫೈಮ್ ಎಂದಿರಬೇಕಲ್ಲ? ಇದೆ. ಇಂದು ಬಳಕೆ ತೀರಾ ಕಡಿಮೆ. ಅದರ ಜಾಗದಲ್ಲಿ ಶೌಮ್ ಎಂಬ ಪದವಿದೆ, ಅದು ಇಂಗ್ಲಿಷಿನ ಸ್ಕಮ್ ಪದದ ಒಡಹುಟ್ಟು. ಆದರೆ ಹಳೆಯ ಫೈಮ್ ಪೂರ್ತಿ ಸತ್ತಿಲ್ಲ. ಪಕ್ಕಾ ಕಿಲಾಡಿಯನ್ನು ಜರ್ಮನ್ನರು ‘ಅಬ್‌ಗೆಫೈಮ್ಟ್’ ಎನ್ನುತ್ತಾರೆ, ಅಕ್ಷರಶಃ ನೊರೆ ತೆಗೆದವನು. ಮತ್ತೆ ಮತ್ತೆ ನೊರೆ ತೆಗೆದು ಗಟ್ಟಿಯಾಗಿಸಿದ ಪಾಕದ ಹಾಗೆ, ಅವನಲ್ಲಿ ಉಳಿದಿರುವುದು ಬರೀ ಕಿಲಾಡಿತನ.

ಇಂಗ್ಲಿಷಿನ ಸ್ತಾನ್, ಹಾಮ್, ಫಾಮ್ ಎದುರಿಗೆ ಜರ್ಮನ್ನಿನ ಶ್ಟೈನ್, ಹೈಮ್, ಫೈಮ್ ಇಟ್ಟರೆ ಇಬ್ಬರಿಗೂ ಹಿಂದೆ ‘ಐ’ ಧ್ವನಿ ಇತ್ತೆಂದು ತಿಳಿಯುತ್ತದೆ. ಎರಡಕ್ಕೂ ತಾಯಿಯಾದ ಭಾಷೆಯಲ್ಲಿ ಪದ ‘ಫೈಮ’ ಎಂಬಂತಿತ್ತು. ಈ ರೂಪ ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ ಹಾಗೆ ಕಟ್ಟಿಕೊಂಡದ್ದು. ನೋಟ್‌ಪುಸ್ತಕದಲ್ಲಿ ಇಂಥ ರೂಪಗಳ ಮುಂದೆ ಒಂದು ನಕ್ಷತ್ರ ಹಾಕಿ. ವಿದ್ವಾಂಸರೂ ಹಾಗೆಯೇ ಮಾಡುತ್ತಾರೆ.

ಐದನೆಯ ಹೆಜ್ಜೆ: ಫಕಾರವನ್ನು ದಾಟಿ

ಜರ್ಮನ್ ಗುಂಪಿನ ಭಾಷೆಗಳಲ್ಲಿ ಪದದ ಮೊದಲಿಗೆ ಎಫ್ ಧ್ವನಿ ಇದ್ದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಕಾರ ಇರುತ್ತದೆ. ಪಿತೃ, ಫಾದರ್. ಪಾದ, ಫುಟ್. ಪಶು, ಫೀ, ದನಕರುಗಳೇ ಸಂಪತ್ತಾಗಿದ್ದ ಕಾಲದ ನೆನಪು ಶುಲ್ಕದ ಅರ್ಥದೊಳಗೆ ಅಡಗಿದೆ. ಈ ಕ್ರಮವನ್ನು 1818ರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಗುರುತಿಸಿದ; 1822ರಲ್ಲಿ ಯಾಕೋಬ್ ಗ್ರಿಮ್ ನಿಯಮವಾಗಿ ಬರೆದ. ಕಿನ್ನರ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ದೊಡ್ಡವನು ಇವನೇ.

ಪಕಾರ ಸವೆದು ಬೇರೊಂದು ಧ್ವನಿಯಾಗುವುದು ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದ ಪಾಲ್ ನಮ್ಮ ಹಾಲು, ಪೂ ನಮ್ಮ ಹೂ, ಪೊಗೆ ನಮ್ಮ ಹೊಗೆ. ನಮ್ಮಲ್ಲಿ ಪಕಾರ ಹಕಾರವಾಯಿತು, ಅವರಲ್ಲಿ ಎಫ್ ಆಯಿತು. ಎರಡು ಘಟನೆಗಳಿಗೂ ಸಂಬಂಧವಿಲ್ಲ, ಆದರೆ ಬಗೆ ಒಂದೇ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಗ್ರಿಮ್ ನಿಯಮ ಪರಕೀಯವೆನಿಸುವುದಿಲ್ಲ.

ಹಾಗಾದರೆ ಫೈಮದ ಹಿಂದೆ ಪಕಾರದ ಒಂದು ಪದ ಇರಬೇಕು. ಲ್ಯಾಟಿನ್ನಿನಲ್ಲಿ ನೊರೆಗೆ ಸ್ಪೂಮ. ಮುಂದೆ ಒಂದು ಸಕಾರ ಅಂಟಿದೆ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳೆಲ್ಲ ಸೇರುವ ಈ ಭಾಷಾ ಕುಟುಂಬದಲ್ಲಿ ಪದದ ಮೊದಲ ಸಕಾರ ಒಂದು ಕಡೆ ಇದ್ದು ಇನ್ನೊಂದು ಕಡೆ ಬಿದ್ದು ಹೋಗುವುದು ಸಾಮಾನ್ಯ. ಸ್ಪ್ಯೂಮ್, ಸ್ಪ್ಯಾನಿಷಿನ ಎಸ್ಪೂಮ, ಇಟಲಿಯ ಗುಳ್ಳೆಗುಳ್ಳೆಯ ದ್ರಾಕ್ಷಾರಸ ಸ್ಪುಮಾಂತೆ ಎಲ್ಲ ಇದರ ಮಕ್ಕಳು. ಸಕಾರ ಇಲ್ಲದ ರೂಪವೂ ಲ್ಯಾಟಿನ್ನಿನಲ್ಲೇ ಇದೆ: ಪೂಮೆಕ್ಸ್. ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು ಅದೇ. ಜ್ವಾಲಾಮುಖಿಯ ಕರಗಿದ ಕಲ್ಲು ಅನಿಲದಿಂದ ಉಬ್ಬಿ, ನೊರೆಯಾಗಿರುವಾಗಲೇ ಹೆಪ್ಪುಗಟ್ಟಿದರೆ ಸಿಗುವ ಕಲ್ಲು ಅದು. ನೀರಿನ ಮೇಲೆ ತೇಲುತ್ತದೆ. ಕಲ್ಲಾದ ನೊರೆಗೆ ನೊರೆಯ ಹೆಸರನ್ನೇ ರೋಮನ್ನರು ಇಟ್ಟರು. ಇದನ್ನು ನೆನಪಿಡಿ, ಹಾಸಿಗೆಯ ಬಳಿ ಬಂದಾಗ ಉಪಯೋಗಕ್ಕೆ ಬರುತ್ತದೆ. ರಷ್ಯನ್ ಭಾಷೆಯಲ್ಲಿ ಪ್ಯೆನಾ, ಲಿಥುವೇನಿಯನ್ನಿನಲ್ಲಿ ಸ್ಪೈನೆ. ಸಂಸ್ಕೃತದಲ್ಲಿ ಫೇನ, ಅಲ್ಲಿ ಪಕಾರ ಮಹಾಪ್ರಾಣವಾಗಿದೆ.

ಈಗ ಸ್ವರದ ಲೆಕ್ಕ ಕೂಡಬೇಕು. ಶಾಲೆಯಲ್ಲಿ ಕಲಿತ ಗುಣಸಂಧಿಯನ್ನು ನೆನೆಯಿರಿ: ದೇವ, ಇಂದ್ರ ಸೇರಿ ದೇವೇಂದ್ರ. ಅಕಾರ ಇಕಾರ ಕೂಡಿ ಏಕಾರ. ಸಂಸ್ಕೃತದ ಏಕಾರದೊಳಗೆ ಹಳೆಯ ‘ಅ-ಇ’ ಅಡಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ಫೇನದ ಏ, ಜರ್ಮನ್ ಫೈಮ್‌ನ ಐ, ಹಳೆಯ ಇಂಗ್ಲಿಷ್ ಫಾಮ್‌ನ ಆ, ಇಂದಿನ ಫೋಮ್‌ನ ಓ, ಎಲ್ಲವೂ ಒಂದೇ ಸ್ವರ ನಾಲ್ಕು ವೇಷದಲ್ಲಿ ಬಂದದ್ದು. ಕೊನೆಯ ವ್ಯಂಜನ ಪಶ್ಚಿಮದಲ್ಲಿ ಮಕಾರ, ಪೂರ್ವದಲ್ಲಿ ನಕಾರ. ಈ ಕವಲು ಬಹಳ ಹಳೆಯದು. ಎಲ್ಲಕ್ಕೂ ಹಿಂದಿನ ಮೂಲವನ್ನು ವಿದ್ವಾಂಸರು ‘ಸ್ಪೋಯ್ಮೊ’ ಎಂಬಂತೆ ಬರೆಯುತ್ತಾರೆ, ನಕ್ಷತ್ರ ಹಾಕಿ.

ಒಂದು ಸಣ್ಣ ಪ್ರಯೋಗ ಮಾಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಮೊದಲು ‘ಫೇನ’ ಎಂದು ಶುದ್ಧವಾಗಿ ಹೇಳಿ. ಎರಡೂ ತುಟಿ ಮುಚ್ಚಿ ತೆರೆಯುತ್ತವೆ, ಅಂಗೈಗೆ ಒಮ್ಮೆಲೇ ಉಸಿರು ಬಡಿಯುತ್ತದೆ. ಈಗ ‘ಫೋಮ್’ ಎನ್ನಿ. ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟುತ್ತದೆ, ಉಸಿರು ಸೋರುತ್ತದೆ. ಕನ್ನಡ ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರ ಬಳಸುವುದರಿಂದ ಅವು ಒಂದೇ ಧ್ವನಿ ಎನಿಸುತ್ತದೆ. ಒಂದು ಮಹಾಪ್ರಾಣ, ಇನ್ನೊಂದು ಬೇರೆಯೇ ಧ್ವನಿ.

ಆರನೆಯ ಹೆಜ್ಜೆ: ಸಂಬಂಧಕ್ಕೆ ಸರಿಯಾದ ಹೆಸರಿಡಿ

ಹಾಗಾದರೆ ಫೋಮ್ ಸಂಸ್ಕೃತದಿಂದ ಬಂದಿತೇ? ಬಂದಿಲ್ಲ. ಫೇನ ಅದರ ತಾಯಿಯಲ್ಲ, ದೂರದ ದೊಡ್ಡಮ್ಮನ ಮಗಳು. ಒಂದೇ ಅಜ್ಜಿಯ ಮನೆಯಿಂದ ಒಬ್ಬಳು ಪೂರ್ವಕ್ಕೆ, ಒಬ್ಬಳು ಪಶ್ಚಿಮಕ್ಕೆ ಹೋದಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಇಂದು ಇಲ್ಲದಿರಬಹುದು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮಾತಿನ ಸಾರ ಇದೇ. ಈ ಎಚ್ಚರ ನನಗೆ ಬಹಳ ಮುಖ್ಯ. ಸಂಸ್ಕೃತವನ್ನು ಗೌರವಿಸುವುದಕ್ಕೆ ಅದನ್ನು ಎಲ್ಲರ ತಾಯಿ ಮಾಡಬೇಕಾಗಿಲ್ಲ. ಅದರ ಸ್ವಂತ ಸಂಪತ್ತೇ ಸಾಕಷ್ಟಿದೆ.

ಆ ಸಂಪತ್ತನ್ನು ಇಲ್ಲೇ ನೋಡಿ. ಋಗ್ವೇದದ ಎಂಟನೆಯ ಮಂಡಲದಲ್ಲಿ ಇಂದ್ರ ನೀರಿನ ಫೇನದಿಂದ ನಮುಚಿ ಎಂಬ ಅಸುರನ ತಲೆ ಕತ್ತರಿಸುತ್ತಾನೆ. ಒಣಗಿದ್ದರಿಂದಲೂ ಒದ್ದೆಯದರಿಂದಲೂ ಕೊಲ್ಲುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ ಎಂಬ ವಿವರವನ್ನು ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥ ಕೊಡುತ್ತದೆ. ನೊರೆ ಎರಡೂ ಅಲ್ಲ. ದ್ರವದ ತೆಳುಗೋಡೆಯೊಳಗೆ ಗಾಳಿ ತುಂಬಿದ್ದೇ ನೊರೆ ಎಂದು ಇಂದಿನ ಭೌತಶಾಸ್ತ್ರ ಹೇಳುವುದನ್ನು ಆ ಕಥೆ ಎಷ್ಟು ಹತ್ತಿರದಿಂದ ಕಂಡಿದೆ!

ಅಮರಕೋಶ ಕಡಲ ಫೇನಕ್ಕೆ ಅಬ್ಧಿಕಫ ಎಂಬ ಪರ್ಯಾಯ ಕೊಡುತ್ತದೆ. ಕಡಲಿನ ಕಫ. ನಮಗೆ ಕಫ ಎಂದರೆ ನೆಗಡಿ, ಎದೆಗಟ್ಟು. ಅದೇ ಪದದ ಒಡಹುಟ್ಟು ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ಕಫ. ಅಲ್ಲಿ ಅದರ ಅರ್ಥ ನೊರೆ. ಇಂದಿನ ಪರ್ಷಿಯನ್ ಭಾಷೆಯಲ್ಲೂ ಕಫ್ ಎಂದರೆ ನೊರೆಯೇ. ಮಲ್ಪೆಯ ದಡದಲ್ಲಿ ಬಿಳಿಯ, ಹಗುರವಾದ, ದೋಣಿಯಾಕಾರದ ಚೂರುಗಳು ಸಿಗುತ್ತವೆ. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಕಪ್ಪೆಬೊಂಡಾಸ ಎಂದು ಕರಾವಳಿಯವರು ಕರೆಯುವ ಮೃದ್ವಂಗಿಯ ಒಳಚಿಪ್ಪು ಅದು. ಆಯುರ್ವೇದದಲ್ಲಿ ಅದರ ಹೆಸರು ಸಮುದ್ರಫೇನ. ಟರ್ಕಿಯ ಎಸ್ಕಿಶೆಹಿರ್ ಸುತ್ತ ಅಗೆಯುವ, ಹೊಗೆ ಸೇದುವ ಪೈಪುಗಳಿಗೆ ಕೆತ್ತುವ ಬಿಳಿ ಖನಿಜವನ್ನು ಜರ್ಮನ್ನರು ಮೀರ್‌ಶೌಮ್ ಎಂದರು. ಅಕ್ಷರಶಃ ಅದೂ ಸಮುದ್ರಫೇನ. ಅದರ ವೈಜ್ಞಾನಿಕ ಹೆಸರು ಸೆಪಿಯೊಲೈಟ್. ಮಲ್ಪೆಯ ಆ ಒಳಚಿಪ್ಪನ್ನು ಹೋಲುವುದರಿಂದ, ಆ ಪ್ರಾಣಿಯ ಲ್ಯಾಟಿನ್ ಹೆಸರು ಸೆಪಿಯದಿಂದ 1847ರಲ್ಲಿ ಇಟ್ಟದ್ದು.

ಬಲೆಗಳೂ ಇವೆ. ಅಫೀಮಿಗೆ ಸಂಸ್ಕೃತದಲ್ಲಿ ಅಹಿಫೇನ, ಹಾವಿನ ನೊರೆ ಎಂಬ ಪದವಿದೆ. ಕೇಳಲು ಸೊಗಸು, ಆದರೆ ಅಫೀಮು ಹುಟ್ಟಿದ್ದು ಅಲ್ಲಿಂದಲ್ಲ. ಗ್ರೀಕಿನ ಓಪಿಯೋನ್ ಅರಬ್ಬಿಯಲ್ಲಿ ಅಫ್ಯೂನ್ ಆಗಿ, ಇಲ್ಲಿಗೆ ಬಂದ ಮೇಲೆ ಸಂಸ್ಕೃತದ ಕಿವಿ ಅದಕ್ಕೆ ಅರ್ಥವಿರುವ ಉಡುಪು ತೊಡಿಸಿತು. ಗ್ರೀಕರೂ ಇದನ್ನೇ ಮಾಡಿದರು: ಅಫ್ರೊದಿತೆ ದೇವಿ ಕಡಲ ನೊರೆಯಿಂದ ಹುಟ್ಟಿದಳೆಂಬ ಕಥೆಯನ್ನು ಅಫ್ರೊಸ್, ಎಂದರೆ ನೊರೆ, ಎಂಬ ಪದದಿಂದ ಕಟ್ಟಿದರು, ಹೆಸರು ಬೇರೆಲ್ಲಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಕಥೆ ಎಷ್ಟು ಚೆನ್ನಾಗಿ ಹೊಂದುತ್ತದೋ ಅಷ್ಟು ಜಾಗ್ರತೆ ಬೇಕು. ಧ್ವನಿಗಳ ಸಾಲು ಕೂಡಿದರೆ ಮಾತ್ರ ನೋಟ್‌ಪುಸ್ತಕಕ್ಕೆ ಇಳಿಸಿ.

ಏಳನೆಯ ಹೆಜ್ಜೆ: ನೊರೆಗೂ ಅದೇ ಪರೀಕ್ಷೆ

ಇಂಗ್ಲಿಷ್ ಪದಕ್ಕೆ ಇಷ್ಟು ಶ್ರಮ ಪಟ್ಟು ನಮ್ಮ ಪದವನ್ನು ಹಾಗೆಯೇ ಬಿಟ್ಟರೆ ನ್ಯಾಯವಲ್ಲ. ತಮಿಳಿನಲ್ಲಿ ನುರೈ, ಮಲಯಾಳದಲ್ಲಿ ನುರ, ತೆಲುಗಿನಲ್ಲಿ ನುರುಗು, ಕನ್ನಡದಲ್ಲಿ ನೊರೆ. ಫೇನ, ಫೋಮ್‌ಗಳ ಕುಟುಂಬಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ದಕ್ಷಿಣದ ಭಾಷೆಗಳದ್ದು ಬೇರೆಯದೇ ಕುಟುಂಬ ಎಂದು ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿದ್ದ. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ದೊಡ್ಡ ಗ್ರಂಥವಾಗಿ ವಿಸ್ತರಿಸಿದ.

ಇಲ್ಲೂ ಸಾಲು ಕಟ್ಟಿ. ತಮಿಳಿನ ಕುಡೈ ನಮ್ಮ ಕೊಡೆ. ಪುಗೈ ನಮ್ಮ ಹೊಗೆ. ಮುಳೈ ನಮ್ಮ ಮೊಳೆ, ಮೊಳಕೆ. ನುರೈ ನಮ್ಮ ನೊರೆ. ಅವರ ಉಕಾರ ಇದ್ದಲ್ಲಿ ನಮ್ಮ ಒಕಾರ, ಅವರ ಐ ಇದ್ದಲ್ಲಿ ನಮ್ಮ ಎಕಾರ. ಸ್ಟೋನ್, ಹೋಮ್, ಫೋಮ್ ಸಾಲಿನಷ್ಟೇ ಅಚ್ಚುಕಟ್ಟು. ನಮ್ಮ ಅಡುಗೆಮನೆಯ ಪದಕ್ಕೂ ಇಂಥ ನಿಯಮಬದ್ಧ ಚರಿತ್ರೆ ಇದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ನೊರೆ ತನ್ನ ನೆಲದಲ್ಲಿ ಶ್ರೀಮಂತ. ಕರೆದ ಕೂಡಲೇ ಚೊಂಬಿನಲ್ಲಿ ಬೆಚ್ಚಗೆ ನಿಲ್ಲುವುದು ನೊರೆಹಾಲು. ಜಲಪಾತವನ್ನು ಹಾಲ್ನೊರೆ ಎನ್ನದ ಪ್ರವಾಸ ಬರಹ ಅಪರೂಪ. ಅಂಟುವಾಳಕ್ಕೆ ನೊರೆಕಾಯಿ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಅದೇ ಮರ ಫೇನಿಲ. ಎರಡು ಕುಟುಂಬದ ಭಾಷೆಗಳು ಒಂದೇ ಕಾಯಿಯನ್ನು ಕೈಯಲ್ಲಿ ಉಜ್ಜಿ, ತಮ್ಮ ತಮ್ಮ ಪದದಿಂದ ಒಂದೇ ಹೆಸರಿಟ್ಟವು. ಕಾಯಿಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿದವರಿಗೆ ಕಾರಣ ಹೇಳಬೇಕಾಗಿಲ್ಲ. ಬೆರಳ ಸಂದಿನಿಂದ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಲೇ ಇರುತ್ತವೆ.

ಎಂಟನೆಯ ಹೆಜ್ಜೆ: ಹೊಸ ಅರ್ಥದ ಹುಟ್ಟುದಿನ ಹುಡುಕಿ

ಈಗ ಹಾಸಿಗೆಗೆ ಬರೋಣ. 1920ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಮರದ ಹಾಲನ್ನು ಮೊಟ್ಟೆ ಕಡೆಯುವ ಹಾಗೆ ಕಡೆದು, ನೊರೆ ಎಬ್ಬಿಸಿ, ಆ ನೊರೆ ಇಳಿಯುವ ಮುನ್ನವೇ ಗಟ್ಟಿಯಾಗಿಸುವ ದಾರಿ ಕಂಡುಕೊಂಡರು. 1937ರಲ್ಲಿ ಜರ್ಮನಿಯಲ್ಲಿ ಓಟ್ಟೊ ಬಾಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ರಸಾಯನವನ್ನು ರೂಪಿಸಿದರು. ಇಂದಿನ ಬಹುಪಾಲು ಸೋಫಾ, ಹಾಸಿಗೆಗಳ ಒಳಗಿರುವುದು ಅದರ ಸಂತಾನ. ಇಂಗ್ಲಿಷ್ ಬರಹದಲ್ಲಿ ಈ ಗಟ್ಟಿ ವಸ್ತುವಿಗೆ ಫೋಮ್ ಎಂಬ ಹೆಸರು ಕಾಣಿಸಿಕೊಳ್ಳುವುದೂ 1937ರ ಸುಮಾರಿನಲ್ಲೇ.

ಆ ಜನರ ಕಣ್ಣಿಗೆ ಅದು ನಿಜವಾಗಿಯೂ ನೊರೆ. ಅಚ್ಚಿನೊಳಗೆ ಉಕ್ಕಿದ್ದನ್ನು, ಗುಳ್ಳೆಗಳ ಗೋಡೆ ಹೆಪ್ಪುಗಟ್ಟಿದ್ದನ್ನು ಅವರು ನೋಡಿದ್ದರು. ರೋಮನ್ನರು ಪ್ಯೂಮಿಸ್ ಕಲ್ಲಿಗೆ ನೊರೆಯ ಹೆಸರಿಟ್ಟ ಹಾಗೆಯೇ ಇವರೂ ಇಟ್ಟರು. ನಮ್ಮ ಬಳಿಗೆ ಆ ವಸ್ತು ಬಂದದ್ದು ಗಟ್ಟಿಯಾದ ಮೇಲೆ, ಬಟ್ಟೆ ಹೊದ್ದುಕೊಂಡು, ಅಂಗಡಿಯ ಮೂಲಕ. ಉಕ್ಕಿದ್ದನ್ನು ನಾವು ಕಾಣಲಿಲ್ಲ. ಆದ್ದರಿಂದ ಕನ್ನಡ ನೊರೆಯನ್ನು ದ್ರವದಲ್ಲೇ ಉಳಿಸಿಕೊಂಡು, ಗಟ್ಟಿ ವಸ್ತುವಿಗೆ ಫೋಮ್ ಎಂಬ ಹೆಸರನ್ನೇ ತೆಗೆದುಕೊಂಡಿತು. ಥರ್ಮೊಕೋಲ್ ಕೂಡ ಇದೇ ಜಾತಿ, ಆದರೆ ಮಾರಾಟದ ಹೆಸರಿನಿಂದಲೇ ಮನೆಮಾತಾಯಿತು. ಇದನ್ನು ಕನ್ನಡದ ಬಡತನವೆಂದು ಕೊರಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಒಂದೇ ಪದದಲ್ಲಿ ಬೆರೆಸಿದ್ದನ್ನು ಕನ್ನಡ ಎರಡಾಗಿ ಬಿಡಿಸಿ ಹೇಳುತ್ತದೆ. ಇದು ಭಾಷೆಗೆ ಲಾಭವೇ.

ಕೊನೆಯ ಹೆಜ್ಜೆ: ವಾಕ್ಯಕ್ಕೆ ಹಿಂತಿರುಗಿ

ನೋಟ್‌ಪುಸ್ತಕ ತೆರೆದಿಟ್ಟುಕೊಂಡು, ಯಾವ ವಾಕ್ಯದಿಂದ ಹೊರಟಿರೋ ಅದನ್ನೇ ಮತ್ತೆ ಬರೆಯಿರಿ. ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಗುಳ್ಳೆ ಒಡೆಯುತ್ತದೆಯೇ? ಒಡೆಯುವುದಾದರೆ ನೊರೆ. ಕಾಫಿ, ಕಡಲು, ಸಾಬೂನು, ಕೆರೆ, ಬೆಂಕಿ ಆರಿಸುವ ನೊರೆ ಎಲ್ಲವೂ ಇದರೊಳಗೆ. ಒಡೆಯದೆ ಕೈಗೆ ಮೆತ್ತಗೆ ಒತ್ತಿ ಮತ್ತೆ ಉಬ್ಬುವುದಾದರೆ ಫೋಮ್. ಮನುಷ್ಯರ ಕೋಪದ ಮಾತಾದರೆ ಎರಡನ್ನೂ ಬಿಟ್ಟು ಕನ್ನಡದ ಕೋಪವನ್ನು ಬಳಸಿ. ಶಾಸ್ತ್ರೀಯ ಬರಹಕ್ಕೋ ಕಾವ್ಯಕ್ಕೋ ಗಾಂಭೀರ್ಯ ಬೇಕಿದ್ದರೆ ಫೇನ ಇದೆ. ಆದರೆ ಸಾಬೂನಿನ ಡಬ್ಬಿಯ ಮೇಲೆ ಅದನ್ನು ಬರೆದರೆ ಅಂಗಡಿಯವ ಆಯುರ್ವೇದದ ಕಪಾಟಿನಲ್ಲಿ ಇಡುತ್ತಾನೆ.

ಆ ಹಾಸಿಗೆಯ ಕಾಗದ ಈಗಲೂ ನನ್ನ ನಿಘಂಟಿನೊಳಗೆ ಮಡಚಿದೆ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದುಕೊಂಡಿದ್ದೇನೆ: ‘ಈ ಹಾಸಿಗೆಯ ಒಳಗಿರುವುದು ಉತ್ತಮ ದರ್ಜೆಯ ಫೋಮ್. ಫೋಮನ್ನು ನೀರಿನಲ್ಲಿ ನೆನೆಸಬೇಡಿ. ಕಲೆಯಾದರೆ ಸಾಬೂನಿನ ನೊರೆಯನ್ನಷ್ಟೇ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ.’